25 ನಿಮಿಷದ ದಾರಿಗೆ 70 ನಿಮಿಷ ಯಾಕೆ?

ಪ್ರಶ್ನೆ: ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಆಷಾಢದಲ್ಲಿ ಅವಳನ್ನು ನೋಡಿಕೊಂಡು ವಿಮಾನದಲ್ಲಿ ವಾಪಸ್ ಬಂದೆ. ಬೆಂಗಳೂರಿಗೆ ಆಕಾಶಮಾರ್ಗದಲ್ಲಿ 300 ಕಿ.ಮೀ. ಚಿಲ್ಲರೆ, ವಿಮಾನದ ವೇಗ ಗಂಟೆಗೆ 800 ಅಂತಾರೆ. ಅಂದರೆ 25 ನಿಮಿಷವೂ ಹಿಡಿಯಬಾರದು. ಟಿಕೆಟ್ಟಿನಲ್ಲಿ 1 ಗಂಟೆ 10 ನಿಮಿಷ ಅಂತಿತ್ತು. ಸಾಲದ್ದಕ್ಕೆ ವಿಮಾನ ದೇವನಹಳ್ಳಿ ದಾಟಿ ನಮ್ಮೂರ ಕಡೆಗೇ ಬಂದು, ತಿರುಗಿ ಹೋಗಿ ಇಳಿಯಿತು. ಪೈಲಟ್‌ಗೆ ದಾರಿ ತಪ್ಪಿತ್ತೇ?
— ಓದುಗರೊಬ್ಬರು, ವೇಮಗಲ್, ಕೋಲಾರ ಜಿಲ್ಲೆ

ಉತ್ತರ: ತಪ್ಪಿಲ್ಲ, ನಿಶ್ಚಿಂತೆಯಾಗಿರಿ. ಮುಂಗಾರಿನಲ್ಲಿ ದೇವನಹಳ್ಳಿಗೆ ಇಳಿಯುವ ದಾರಿಯೇ ನಿಮ್ಮೂರ ಮೇಲಿನದು. ವಿಮಾನ ಗಾಳಿಗೆ ಎದುರಾಗಿ ಇಳಿದರೆ ನೆಲ ಮುಟ್ಟುವಾಗಿನ ವೇಗ ತಗ್ಗುತ್ತದೆ, ಕಡಿಮೆ ರನ್‌ವೇಯಲ್ಲಿ ನಿಲ್ಲುತ್ತದೆ. ಅಲ್ಲಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನ ಗಾಳಿ ಪಡುವಣದ್ದು. ಹಾಗಾಗಿ ಮೂಡಣದಿಂದ ಬಂದು ಇಳಿಯಬೇಕು. ವೇಮಗಲ್ ಹೆಚ್ಚುಕಡಿಮೆ ಆ ರನ್‌ವೇಗಳ ನೇರಕ್ಕೇ, ಸುಮಾರು 35 ಕಿ.ಮೀ. ಪೂರ್ವಕ್ಕಿದೆ. ಕೋಲಾರದ ನಮ್ಮ ಮನೆ ಮಹಡಿಯಿಂದ ಆಷಾಢದ ಸಂಜೆ ವಾಯವ್ಯಕ್ಕೆ ನೋಡಿದರೆ, ದೀಪ ಹಾಕಿಕೊಂಡ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಾ ಹೋಗುವುದು ಕಾಣುತ್ತದೆ. (ಮೋಡ ಇಲ್ಲದಿದ್ದರೆ ಅನ್ನಿ.) ಪಡುವಣದಿಂದ ಬಂದ ನೀವು ನಿಲ್ದಾಣವನ್ನು ಪಕ್ಕಕ್ಕೆ ಬಿಟ್ಟು, ಈ ಸಾಲಿಗೆ ಸೇರಿಕೊಂಡು ಹಿಂದಿರುಗಿದ್ದೀರಿ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವಾಗ ಬನ್ನಿ, ಈ ಸುತ್ತು ಇರುವುದಿಲ್ಲ. ಮಂಗಳೂರಿನ ನಿಲ್ದಾಣವಿರುವ ಬಜ್ಪೆಯಲ್ಲೂ ಅಷ್ಟೇ: ಮಳೆಗಾಲದಲ್ಲಿ ಸಮುದ್ರದ ಕಡೆ ಮುಖ ಮಾಡಿ ಏರಿ, ಆಮೇಲೆ ಘಟ್ಟದತ್ತ ಹೊರಳಬೇಕು.

ಇನ್ನು ಟಿಕೆಟ್ಟಿನ ಲೆಕ್ಕ. ಅದು ಗಾಳಿಯಲ್ಲಿರುವ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಆ ಕಡೆ ಹೋಗಿ ನಿಲ್ಲುವವರೆಗಿನದು. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು ಎಲ್ಲ ಅದರೊಳಗೇ. ತಡವಾದೀತೆಂದು ಕಂಪನಿಗಳು ನಾಲ್ಕಾರು ನಿಮಿಷ ಸೇರಿಸಿಯೂ ಇಟ್ಟಿರುತ್ತವೆ.

800ರ ವೇಗವೂ ಮೇಲೆ ಹೋದಮೇಲಿನ ಮಾತು. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮೀರುವಂತಿಲ್ಲ. ಮಂಗಳೂರಿನಷ್ಟು ಹತ್ತಿರದ ದಾರಿಯಲ್ಲಿ ಪೂರ್ತಿ ಏರುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ನೀವು ಬಂದದ್ದು ಹೊರಗೆ ಪಂಖ ತಿರುಗುವ ಎಟಿಆರ್ ಆಗಿದ್ದರೆ ಅದರ ವೇಗವೇ 500ರ ಆಸುಪಾಸು.

ದೆಹಲಿಯ ಜೊತೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ, ನನಗೆ ಬಲು ಇಷ್ಟದ ಲೆಕ್ಕವಿದು. ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ., ಟಿಕೆಟ್ಟಿನಲ್ಲಿ 2 ಗಂಟೆ 50 ನಿಮಿಷದಷ್ಟು. ಮಂಗಳೂರಿಗಿಂತ 1,400 ಕಿ.ಮೀ. ಹೆಚ್ಚು, ಸಮಯ ಮಾತ್ರ 100 ನಿಮಿಷ ಹೆಚ್ಚು. ಆ ಹೆಚ್ಚಿನ ಭಾಗಕ್ಕೆ ಗಂಟೆಗೆ 840 ಕಿ.ಮೀ. ಬಿತ್ತು, ನೀವು ಹೇಳಿದ ವೇಗ ಇಲ್ಲಿ ಸಿಕ್ಕಿತು. ಅದೇ ವೇಗದಲ್ಲಿ ಮಂಗಳೂರಿನ ದೂರಕ್ಕೆ 22 ನಿಮಿಷ. ಮಿಕ್ಕ 48 ನಿಮಿಷ ಎರಡು ತುದಿಗಳ ಖರ್ಚು. ದೆಹಲಿಗೆ ಹೋಗುವವರೂ ಅದನ್ನು ಕೊಡುತ್ತಾರೆ, ದೂರ ಹೆಚ್ಚಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ.

ಮುಂದಿನ ಸಲ ನೀವು ಇಲ್ಲಿಂದ ಹೊರಡುವಾಗ ಇನ್ನೊಂದು ಗಮನಿಸಿ: ಹೆಚ್ಚಿನ ಕಂಪನಿಗಳು ಬೋರ್ಡಿಂಗ್ ಗೇಟನ್ನು ಹೊರಡುವ 25 ನಿಮಿಷ ಮೊದಲೇ ಮುಚ್ಚುತ್ತವೆ. ದಾರಿಯಲ್ಲಿ ಸಿಗುವ ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ಟೀಗೆ ಗಾಡಿ ನಿಲ್ಲಿಸುವ ಅಭ್ಯಾಸವಿದ್ದರೆ ಆ ಹೊತ್ತನ್ನೂ ಸೇರಿಸಿಕೊಂಡೇ ಮನೆ ಬಿಡಿ.