ಬೇಸ್ ಗಿಟಾರ್ ಕೊಳ್ಳುವಾಗ ಮೊದಲು ನೆಕ್ ನೋಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಬೇಸ್ ಗಿಟಾರ್ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ಕೊಟ್ಟವರು ಬೆಳಗಾವಿಯಲ್ಲಿ ಬೇಸ್ ನುಡಿಸುವ, ಜೊತೆಗೆ ವಾದ್ಯಗಳ ಸೆಟಪ್ (ನೆಕ್, ತಂತಿ, ಬ್ರಿಡ್ಜ್ ಹೊಂದಿಸುವ ಕೆಲಸ) ಮಾಡಿಕೊಡುವ ನಮ್ಮ ತಜ್ಞರು.

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಅಕೌಸ್ಟಿಕ್ ಗಿಟಾರ್ ಬರುತ್ತದೆ. ಕಾಲೇಜಿನ ಬ್ಯಾಂಡ್‌ನಲ್ಲಿ ಬೇಸ್ ನುಡಿಸುವವರು ಯಾರೂ ಇಲ್ಲ, ಹಾಗಾಗಿ ನಾನೇ ಕಲಿಯೋಣ ಅಂತ. ಬೆಳಗಾವಿಯ ತಿಲಕವಾಡಿಯಲ್ಲಿ ಒಬ್ಬರು ಯಮಹಾ ಟಿಆರ್‌ಬಿಎಕ್ಸ್ 174 ಬೇಸ್ ಮಾರುತ್ತಿದ್ದಾರೆ. ಅಲ್ಲಲ್ಲಿ ಬಣ್ಣ ಹೋಗಿದೆ, ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ ಅಂತ ಅವರೇ ಹೇಳಿದರು. ಹೋದಾಗ ಏನು ನೋಡಬೇಕು?

ಉತ್ತರ: ಖಂಡಿತ ಹೋಗಿ ನೋಡಿ. ಬಣ್ಣಕ್ಕೂ ಕರಕರ ಸದ್ದಿಗೂ ಹೆದರಬೇಡಿ. ಕರಕರ ಅನ್ನುವುದು ಹೆಚ್ಚಾಗಿ ನಾಬ್ ಒಳಗೆ ಕೂತ ದೂಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ನಾಲ್ಕಾರು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ಆ ಬಿಡಿಭಾಗವನ್ನೇ ಬದಲಿಸಬಹುದು, ದೊಡ್ಡ ಖರ್ಚಲ್ಲ. ಕೇಬಲ್ ಸಿಕ್ಕಿಸುವ ಜ್ಯಾಕ್ ಸಡಿಲ ಇದ್ದರೂ ಬೆಸುಗೆ ಹಾಕಲು ಬರುವ ಯಾವ ರಿಪೇರಿ ಅಂಗಡಿಯವರೂ ಸರಿಮಾಡುತ್ತಾರೆ. ತಂತಿಯ ಸದ್ದು ಹಿಡಿಯುವ ಪಿಕಪ್ಪನ್ನೂ ಮುಂದೆ ಎಂದಾದರೂ ಬದಲಿಸಬಹುದು. ಆದರೆ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ಕೆಟ್ಟಿದ್ದರೆ ಆ ಬೇಸ್ ಕೊಳ್ಳುವುದೇ ಬೇಡ. ಆ ಬೆಲೆಯ ವಾದ್ಯಕ್ಕೆ ಹೊಸ ನೆಕ್ ಹಾಕಿಸುವುದು ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಆಂಪ್‌ಗೆ (ಆಂಪ್ಲಿಫೈಯರ್) ಸಿಕ್ಕಿಸುವ ಮೊದಲೇ ವಾದ್ಯವನ್ನು ಕೈಗೆ ತೆಗೆದುಕೊಳ್ಳಿ. ಬ್ರಿಡ್ಜ್, ಅಂದರೆ ತಂತಿಗಳ ಕೆಳತುದಿ ಕೂರುವ ಭಾಗದ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಎರಡೂ ಅಂಚುಗಳು ಒಂದೇ ರೀತಿ ಕಾಣಬೇಕು. ಒಂದು ಅಂಚು ಮೇಲೆದ್ದು ಇನ್ನೊಂದು ಇಳಿದಿದ್ದರೆ ನೆಕ್ ತಿರುಚಿಕೊಂಡಿದೆ ಅಂತ ಅರ್ಥ. ಅದನ್ನು ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಸರಿಮಾಡುವುದಿಲ್ಲ. ಅಲ್ಲಿಗೆ ಮಾತು ಮುಗಿಸಿ ಎದ್ದು ಬನ್ನಿ.

ತಿರುಚಿಲ್ಲ ಅಂದರೆ ಮುಂದಿನ ಪರೀಕ್ಷೆ. ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ದಪ್ಪನೆಯ ಇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಬಿಗಿಯಾದ ತಂತಿ ಯಾವಾಗಲೂ ನೇರ. ಈಗ ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಇದ್ದರೆ ಚೆನ್ನ. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ನೆಕ್ ಮುಂದಕ್ಕೆ ಬಾಗಿದೆ, ಸಂದೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿರಬಹುದು. ಎರಡನ್ನೂ ಟ್ರಸ್ ರಾಡ್ ತಿರುಗಿಸಿ ಸರಿಮಾಡುತ್ತಾರೆ. ಆದ್ದರಿಂದ ಆ ರಾಡ್ ಇನ್ನೂ ಕೆಲಸ ಮಾಡುತ್ತದಾ ಅನ್ನುವುದೇ ಮುಖ್ಯ ಪ್ರಶ್ನೆ. ಅದನ್ನು ತಿರುಗಿಸುವ ನಟ್ ಸಾಮಾನ್ಯವಾಗಿ ನೆಕ್ ತುದಿಯ ಹೆಡ್‌ಸ್ಟಾಕ್ ಬುಡದಲ್ಲಿ ಸಣ್ಣ ಮುಚ್ಚಳದ ಕೆಳಗೆ ಇರುತ್ತದೆ. ಮಾರುವವರನ್ನು ಕೇಳಿ, ಅವರಿಂದಲೇ ಆಲನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳಿ. ಕೀ ಜಾರುತ್ತಿದ್ದರೆ ತೂತು ಸವೆದುಹೋಗಿದೆ. ಕೊನೆತನಕ ಬಿಗಿದು, ಇನ್ನು ತಿರುಗುವುದೇ ಇಲ್ಲ ಅನ್ನುವಂತಿದ್ದರೂ ಬೇಡ. ಇದನ್ನು ಕೇಳಲು ಸಂಕೋಚ ಬೇಡ. ಒಳ್ಳೆಯ ವಾದ್ಯ ಇಟ್ಟುಕೊಂಡವರು ಖುಷಿಯಿಂದ ತೋರಿಸುತ್ತಾರೆ.

ಆಮೇಲೆ ಶ್ರುತಿ ಮಾಡಿಕೊಂಡು ಪ್ರತಿಯೊಂದು ಸ್ವರವನ್ನೂ ನುಡಿಸಿ. ಆ ಮಾಡೆಲ್‌ಗೆ 24 ಫ್ರೆಟ್ ಇವೆ, ನಾಲ್ಕು ತಂತಿಗೆ 96 ಸ್ವರ. ಐದು ನಿಮಿಷದ ಕೆಲಸ, ಬಿಡಬೇಡಿ. ಎಲ್ಲಿ ಝುಂ ಅಂತ ಒದರುತ್ತದೆ, ಎಲ್ಲಿ ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ, ಎರಡನ್ನೂ ಗುರುತು ಹಾಕಿಕೊಳ್ಳಿ. ತಂಬೂರಿಯಲ್ಲಿ ಜೀವಾಳಿ ದಾರ ಇಟ್ಟು ಬೇಕಂತಲೇ ಆ ಝೇಂಕಾರ ತರುತ್ತಾರೆ. ಬೇಸ್‌ನಲ್ಲಿ ಅದು ಬೇಡ. ನೆಕ್ ಉದ್ದಕ್ಕೂ ಎಲ್ಲ ಕಡೆ ಒದರಿದರೆ ಸೆಟಪ್‌ನಿಂದ ಸರಿಹೋಗಬಹುದು. ಒಂದೇ ಒಂದು ಫ್ರೆಟ್‌ನಲ್ಲಿ ಮಾತ್ರ ಒದರಿದರೆ ಅದರ ಮುಂದಿನ ಫ್ರೆಟ್ ಎದ್ದಿರುತ್ತದೆ. ಫ್ರೆಟ್ ಸಮ ಮಾಡುವ ಕೆಲಸ ಬಲ್ಲವರು ನಮ್ಮ ಕಡೆ ಕಡಿಮೆ, ಆ ಖರ್ಚು ಬೆಲೆಯಲ್ಲಿ ಕಳೆಯಿರಿ. ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ಹತ್ತಿರ ಒಂದು ಸ್ವರ ಸ್ವಲ್ಪ ಬೇಗ ಆರುವುದು ಬಹಳ ಬೇಸ್‌ಗಳಲ್ಲಿ ಇದೆ, ದುಬಾರಿ ವಾದ್ಯದಲ್ಲೂ ಇರುತ್ತದೆ. ಅಷ್ಟಕ್ಕೇ ಬಿಟ್ಟು ಬರಬೇಡಿ.

ಫೋನಿನ ಟ್ಯೂನರ್ ತೆರೆದು 12ನೇ ಫ್ರೆಟ್ ಮೇಲೆ ತಂತಿಯನ್ನು ಸುಮ್ನೆ ಮುಟ್ಟಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಜಾಗದಲ್ಲಿ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ತೋರಿಸಬೇಕು. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಬ್ರಿಡ್ಜ್‌ನ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಕೊನೆಗೆ ಸ್ಟ್ರಾಪ್ ಹಾಕಿ ಎದ್ದು ನಿಂತು ಎಡಗೈ ಬಿಡಿ. ಹೆಡ್‌ಸ್ಟಾಕ್ ನೆಲದ ಕಡೆ ವಾಲಿದರೆ ನುಡಿಸುವಷ್ಟು ಹೊತ್ತೂ ಎಡಗೈ ಅದನ್ನು ಹೊರಬೇಕಾಗುತ್ತದೆ.

ಇಷ್ಟೂ ಆದಮೇಲೆ ಆಂಪ್. ನಿಮ್ಮದೇ ಕೇಬಲ್ ಒಯ್ಯಿರಿ, ಇಲ್ಲದಿದ್ದರೆ ಸದ್ದು ಕೇಬಲ್‌ದೋ ಬೇಸ್‌ದೋ ಗೊತ್ತಾಗುವುದಿಲ್ಲ. ಬೆಲೆಗೆ ನನ್ನ ಲೆಕ್ಕ ಹೀಗೆ: ಅದೇ ಮಾಡೆಲ್ ಇವತ್ತು ಹೊಸದು ಎಷ್ಟಿದೆ ನೋಡಿ, ನೆಕ್ ಮತ್ತು ಫ್ರೆಟ್ ಚೆನ್ನಾಗಿದ್ದರೆ ಅದರ ಮೂರರಲ್ಲಿ ಎರಡು ಪಾಲಿನ ತನಕ ಹೋಗಬಹುದು. ಕೆಲಸ ಇದೆ ಅನಿಸಿದರೆ ಅರ್ಧಕ್ಕಿಂತ ಮೇಲೆ ಬೇಡ. ತಂತಿ ಹಳೆಯದಾಗಿದ್ದರೆ ಹೊಸ ಸೆಟ್‌ನ ಬೆಲೆಯನ್ನೂ ಹಿಡಿಯಿರಿ. ಬೇಸ್ ತಂತಿ ಗಿಟಾರ್ ತಂತಿಗಿಂತ ಬಹಳ ದುಬಾರಿ.

ಪ್ರಶ್ನೆ: ನನ್ನ ಆಕ್ಟಿವ್ ಬೇಸ್‌ನ 9 ವೋಲ್ಟ್ ಬ್ಯಾಟರಿ ವಾರಕ್ಕೊಂದು ಹೋಗುತ್ತಿದೆ. ಸರ್ಕ್ಯೂಟ್ ಕೆಟ್ಟಿದೆಯಾ? — ಗೋಕಾಕದ ಓದುಗರು

ಉತ್ತರ: ನುಡಿಸಿದ ಮೇಲೆ ಕೇಬಲ್ ತೆಗೆಯುತ್ತೀರಾ? ಆಕ್ಟಿವ್ ಬೇಸ್‌ನಲ್ಲಿ ಜ್ಯಾಕೇ ಸ್ವಿಚ್. ಕೇಬಲ್ ಒಳಗಿದ್ದಷ್ಟು ಹೊತ್ತು, ಆಂಪ್ ಆಫ್ ಇದ್ದರೂ, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಒಂದು ತಿಂಗಳು ಕೇಬಲ್ ತೆಗೆದಿಟ್ಟು ನೋಡಿ. ಆಗಲೂ ಹೋದರೆ ಜ್ಯಾಕ್ ತೋರಿಸಿ.

ಪ್ರಶ್ನೆ: ವಿಜಯಪುರದ ಸುತ್ತಮುತ್ತ ಜಾತ್ರೆ, ಗಣಪತಿ ಹಬ್ಬದ ರಸಮಂಜರಿ ಕಾರ್ಯಕ್ರಮಗಳಲ್ಲಿ ನಾಲ್ಕು ತಂತಿಯ ಬೇಸ್ ನುಡಿಸುತ್ತೇನೆ. ನಮ್ಮ ಗಾಯಕರು ಹೆಚ್ಚಾಗಿ ಕಪ್ಪು ಒಂದು, ಕಪ್ಪು ಎರಡಕ್ಕೆ ಹಾಡುತ್ತಾರೆ. ಕೆಳಗಿನ ಸ್ವರ ಸಿಗುವುದಿಲ್ಲ ಅನಿಸುತ್ತದೆ. ಐದು ತಂತಿಯದು ತಗೊಳ್ಳಲಾ?

ಉತ್ತರ: ನಿಮಗೆ ಅನಿಸಿದ್ದು ಸರಿಯೇ. ಕಪ್ಪು ಒಂದು ಅಂದರೆ ಸಿ ಶಾರ್ಪ್, ಕಪ್ಪು ಎರಡು ಅಂದರೆ ಡಿ ಶಾರ್ಪ್. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಸ್ವರ ಇ, ಅದು ಸುಮಾರು 41 ಹರ್ಟ್ಸ್. ನಿಮ್ಮ ಗಾಯಕರ ಷಡ್ಜ ಅದಕ್ಕಿಂತ ಸ್ವಲ್ಪವೇ ಕೆಳಗೆ ಬೀಳುತ್ತದೆ. ಕೆಳಗಿನ ಸಿ ಶಾರ್ಪ್ 34.6 ಹರ್ಟ್ಸ್, ಡಿ ಶಾರ್ಪ್ 38.9. ಐದನೇ ತಂತಿ ಬಿ, 30.9 ಹರ್ಟ್ಸ್‌ನಿಂದ ಶುರು. ಅದರ ಎರಡನೇ ಫ್ರೆಟ್‌ನಲ್ಲಿ ಕಪ್ಪು ಒಂದು, ನಾಲ್ಕನೇ ಫ್ರೆಟ್‌ನಲ್ಲಿ ಕಪ್ಪು ಎರಡು.

ಆದರೆ ಹಣ ಕೊಡುವ ಮೊದಲು ನಿಮ್ಮ ಸೌಂಡ್ ಸಿಸ್ಟಮ್‌ನವರ ಹತ್ತಿರ ಮಾತಾಡಿ. ಸಬ್ (ಕೆಳಗಿನ ಸ್ವರಗಳಿಗೇ ಇರುವ ಸ್ಪೀಕರ್) ಇಲ್ಲದ ಸಾಮಾನ್ಯ ಬಾಕ್ಸ್‌ಗಳು 40 ಹರ್ಟ್ಸ್ ಕೆಳಗಿನ ಸದ್ದನ್ನು ಸರಿಯಾಗಿ ಕೊಡುವುದಿಲ್ಲ. ನೀವು ಕಷ್ಟಪಟ್ಟು ನುಡಿಸಿದ ಆ ಸ್ವರ ಜನರಿಗೆ ಬರೀ ಗುಮ್ಮು ಅಂತ ಕೇಳಿಸುತ್ತದೆ. ಅಂಥ ಕಡೆ ಎ ತಂತಿಯ ನಾಲ್ಕನೇ ಫ್ರೆಟ್‌ನ ಸಿ ಶಾರ್ಪ್, ಅಂದರೆ 69 ಹರ್ಟ್ಸ್‌ನ ಸ್ವರ, ಸ್ಪಷ್ಟವಾಗಿ ಮುಟ್ಟುತ್ತದೆ. ಡಾಲ್ಬಿ ಅನ್ನುವ ದೊಡ್ಡ ಸೌಂಡ್ ಸಿಸ್ಟಮ್ ಕಟ್ಟುವ ಕಡೆ ದೊಡ್ಡ ಸಬ್ ಇರುತ್ತವೆ, ಅಲ್ಲಿ ಐದನೇ ತಂತಿಗೆ ಬೆಲೆ ಇದೆ.

ಖರ್ಚಿಲ್ಲದ ಒಂದು ದಾರಿ ಮೊದಲು ನೋಡಿ. ಇ ತಂತಿಯನ್ನು ಒಂದು ಸ್ವರ ಇಳಿಸಿ ಡಿಗೆ ತನ್ನಿ. ಆಗ ಕಪ್ಪು ಎರಡು ಆ ತಂತಿಯ ಮೊದಲನೇ ಫ್ರೆಟ್‌ನಲ್ಲೇ ಸಿಗುತ್ತದೆ. ಕಪ್ಪು ಒಂದಕ್ಕೆ ಇದು ಸಾಲದು. ಅದಕ್ಕೆ ಇನ್ನೊಂದು ಉಪಾಯ: ಐದು ತಂತಿಯ ಸೆಟ್ ತಂದು, ತೆಳ್ಳಗಿನ ಜಿ ಬಿಟ್ಟು ಉಳಿದ ಬಿ, ಇ, ಎ, ಡಿ ತಂತಿಗಳನ್ನು ನಾಲ್ಕು ತಂತಿಯ ಬೇಸ್‌ಗೇ ಹಾಕುವುದು. ಇದಕ್ಕೆ ನಟ್‌ನ, ಅಂದರೆ ಹೆಡ್‌ಸ್ಟಾಕ್ ಹತ್ತಿರ ತಂತಿಗಳು ಕೂರುವ ಪಟ್ಟಿಯ, ಸೀಳುಗಳನ್ನು ಅರದಿಂದ ಅಗಲ ಮಾಡಬೇಕು. ಮತ್ತೆ ಮಾಮೂಲಿ ತಂತಿಗೆ ಬರಬೇಕೆಂದರೆ ಹೊಸ ನಟ್ ಬೇಕಾಗುತ್ತದೆ. ಮನೆಯಲ್ಲಿ ಎರಡು ಬೇಸ್ ಇದ್ದವರಿಗೆ ಇದು ಚೆನ್ನ.

ಐದು ತಂತಿಯದೇ ಬೇಕು ಅಂತ ತೀರ್ಮಾನಿಸಿದರೆ ಬಿ ತಂತಿಯನ್ನೇ ಪರೀಕ್ಷೆ ಮಾಡಿ, ಉಳಿದವು ಆಮೇಲೆ. ಅಗ್ಗದ ಐದು ತಂತಿ ಬೇಸ್‌ಗಳಲ್ಲಿ ಬಿ ತಂತಿ ಸಡಿಲ ಹಗ್ಗದ ಹಾಗೆ ತೂಗಾಡುತ್ತದೆ. ಗಟ್ಟಿಯಾಗಿ ಒಂದು ಪೆಟ್ಟು ಹಾಕಿ ನೋಡಿ. ಸ್ವರ ಮೊದಲು ಮೇಲೆ ಹೋಗಿ ಆಮೇಲೆ ತನ್ನ ಜಾಗಕ್ಕೆ ಇಳಿದರೆ ಆ ವಾದ್ಯ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಮಾಮೂಲಿ ಬೇಸ್‌ನಲ್ಲಿ ತಂತಿಯ ಉದ್ದ 34 ಇಂಚು. ಕೆಲವು ಐದು ತಂತಿ ಬೇಸ್‌ಗಳನ್ನು 35 ಇಂಚಿಗೆ ಮಾಡುವುದು ಇದೇ ಬಿ ತಂತಿ ಬಿಗಿಯಾಗಿರಲಿ ಅಂತ. ತೂಕವನ್ನೂ ನೋಡಿ. ಜಾತ್ರೆ ಕಾರ್ಯಕ್ರಮ ಬೆಳಗಿನ ಜಾವದ ತನಕ ನಡೆಯುತ್ತದೆ, ಹೆಗಲು ನಿಮ್ಮದು.

ವಿಜಯಪುರದವರಿಗೆ ಇನ್ನೊಂದು ಮಾತು. ಮಳೆಗಾಲದ ಬೆಳಗಾವಿಯಲ್ಲಿ ಕೊಂಡ ಬೇಸ್ ನಿಮ್ಮ ಒಣ ಬೇಸಿಗೆಗೆ ಬಂದಾಗ ಮರ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ಅಂಚಿನಲ್ಲಿ ಚುಚ್ಚಲು ಶುರುವಾಗುತ್ತದೆ. ವಾದ್ಯ ಕೆಟ್ಟಿತು ಅಂತ ಮಾರಬೇಡಿ. ತುದಿಗಳನ್ನು ನಯವಾಗಿ ಉಜ್ಜಿಸಿ, ನೆಕ್ ಮತ್ತೊಮ್ಮೆ ಸರಿಮಾಡಿಸಿ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಚರ್ಚ್ ಕ್ವಾಯರ್‌ನಲ್ಲಿ ಬೇಸ್ ನುಡಿಸಬೇಕು ಅಂತ ಅವಳ ಆಸೆ. ಕೈ ಸಣ್ಣದು. ಮೊದಲು ಎರಡು ವರ್ಷ ಅಕೌಸ್ಟಿಕ್ ಗಿಟಾರ್ ಕಲಿಯಲಿ ಅಂತ ಅಂಗಡಿಯವರು ಹೇಳುತ್ತಾರೆ. ಏನು ಮಾಡಲಿ? — ಬೆಳಗಾವಿ ಕ್ಯಾಂಪ್‌ನ ಒಬ್ಬ ತಾಯಿ

ಉತ್ತರ: ಅವಳಿಗೆ ಬೇಸ್ ಬೇಕಾದರೆ ಬೇಸನ್ನೇ ಕೊಡಿಸಿ, ಅಮ್ಮಾ. ಬೇಸ್ ಕಲಿಯಲು ಗಿಟಾರ್ ಮೊದಲು ಬರಲೇಬೇಕು ಅಂತ ಏನೂ ಇಲ್ಲ. ಎರಡು ವರ್ಷ ಕಾಯಿಸಿದರೆ ಆಸೆಯೇ ಆರಿಹೋಗಬಹುದು. ಮುಂಬೈನ ಮೋಹಿನಿ ಡೇ ತೀರಾ ಚಿಕ್ಕ ವಯಸ್ಸಿನಲ್ಲಿ ಬೇಸ್ ವಾದಕರಾದ ತಂದೆಯ ಹತ್ತಿರವೇ ಕಲಿಯಲು ಶುರು ಮಾಡಿದವರು. ಎ.ಆರ್. ರೆಹಮಾನ್ ಜೊತೆ ವೇದಿಕೆ ಹತ್ತಿದಾಗಲೂ ಅವರದು ಎಳೆ ವಯಸ್ಸು. ಅವರ ವಿಡಿಯೊಗಳನ್ನು ಮಗಳಿಗೆ ತೋರಿಸಿ.

ಸಣ್ಣ ಕೈಗೆ ಶಾರ್ಟ್ ಸ್ಕೇಲ್ ಬೇಸ್ ನೋಡಿ. ತಂತಿಯ ಉದ್ದ 34ರ ಬದಲು 30 ಇಂಚು ಇರುತ್ತದೆ, ಫ್ರೆಟ್‌ಗಳು ಹತ್ತಿರ ಬರುತ್ತವೆ, ತಂತಿ ಒತ್ತಲು ಬಲವೂ ಕಡಿಮೆ ಸಾಕು. ಇಬಾನೆಜ್ ಮಿಕ್ರೊ ಇನ್ನೂ ಚಿಕ್ಕದು, 28.6 ಇಂಚು. ಇವು ಮಕ್ಕಳ ಆಟಿಕೆಯಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸಿದ ಹಾಫ್ನರ್ ಬೇಸ್ ಕೂಡ ಶಾರ್ಟ್ ಸ್ಕೇಲೇ. ತಂತಿ ಕೊಳ್ಳುವಾಗ ಮಾತ್ರ ಶಾರ್ಟ್ ಸ್ಕೇಲ್ ಸೆಟ್ ಅಂತ ಕೇಳಿ ತನ್ನಿ.

ಮಗಳನ್ನು ಅಂಗಡಿಗೆ ಜೊತೆಗೆ ಕರೆದುಕೊಂಡು ಹೋಗಿ. ಮೊದಲನೇ ಫ್ರೆಟ್ ಮೇಲೆ ತೋರುಬೆರಳು ಇಟ್ಟಾಗ ಮೂರನೇ ಫ್ರೆಟ್ ಅವಳ ಕಿರುಬೆರಳಿಗೆ ಎಟುಕಬೇಕು, ಮಣಿಕಟ್ಟು ಬಾಗಬಾರದು. ಅಷ್ಟಾದರೆ ಸಾಕು. ಮನೆಗೆ 15–20 ವ್ಯಾಟ್‌ನ ಬೇಸ್ ಆಂಪ್ ಸಾಲುತ್ತದೆ. ಗಿಟಾರ್ ಆಂಪ್‌ಗೆ ಬೇಸ್ ಹಾಕಿ ಜೋರಾಗಿ ನುಡಿಸಿದರೆ ಅದರ ಸ್ಪೀಕರ್ ಹರಿಯಬಹುದು, ಕೀಬೋರ್ಡ್ ಆಂಪ್ ಆದರೆ ನಡೆಯುತ್ತದೆ.

ಪ್ರಶ್ನೆ: ನನ್ನ ಹತ್ತಿರ ಇಬಾನೆಜ್ ಜಿಎಸ್‌ಆರ್ 200 ಬೇಸ್ ಇದೆ. ಇಲ್ಲೇ ಶಹಾಪುರದ ಒಬ್ಬರು ತಮ್ಮ ಸ್ಕ್ವಾಯರ್ ಜಾಝ್ ಬೇಸ್ ಕೊಡುತ್ತೇನೆ, ಮೇಲೆ ಸ್ವಲ್ಪ ದುಡ್ಡು ಕೊಡಿ, ಅದಲುಬದಲು ಮಾಡಿಕೊಳ್ಳೋಣ ಅಂತಿದ್ದಾರೆ. ಒಪ್ಪಿಕೊಳ್ಳಲಾ? — ಬೆಳಗಾವಿಯ ಓದುಗರು

ಉತ್ತರ: ಅದಲುಬದಲು ನನಗೆ ಬಹಳ ಇಷ್ಟದ ವ್ಯವಹಾರ. ನಮ್ಮಂಥ ಊರಿನ ಅಂಗಡಿಗಳಲ್ಲಿ ಹತ್ತಾರು ಬೇಸ್ ಸಾಲಾಗಿ ನಿಲ್ಲಿಸಿರುವುದಿಲ್ಲ. ಬೇರೆ ಬೇರೆ ಬೇಸ್ ಕೈಗೆ ಸಿಗುವುದು ಹೆಚ್ಚಾಗಿ ಹೀಗೆಯೇ. ಆದರೆ ಲೆಕ್ಕ ಹಾಕುವಾಗ ಎರಡೂ ವಾದ್ಯಗಳ ಇವತ್ತಿನ ಸೆಕೆಂಡ್ ಹ್ಯಾಂಡ್ ಬೆಲೆ ಹಿಡಿಯಿರಿ. ಅವರದಕ್ಕೆ ಹೊಸ ಬೆಲೆ, ನಿಮ್ಮದಕ್ಕೆ ಹಳೆ ಬೆಲೆ ಅಂತ ಮಾತು ಶುರುವಾದರೆ ಅಲ್ಲೇ ತಡೆಯಿರಿ.

ಸ್ವಭಾವದಲ್ಲಿ ಎರಡೂ ಬೇರೆ. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು, 1960ರಲ್ಲಿ ಜಾಝ್ ಬೇಸ್. ಸ್ಕ್ವಾಯರ್ ಅನ್ನುವುದು ಅದೇ ಕಂಪನಿಯ ಕಡಿಮೆ ಬೆಲೆಯ ಹೆಸರು. ಜಾಝ್ ಬೇಸ್‌ನ ನೆಕ್ ನಟ್ ಹತ್ತಿರ ಸುಮಾರು 38 ಮಿ.ಮೀ., ಪ್ರಿಸಿಷನ್‌ಗಿಂತ ಸಪೂರ. ನಿಮ್ಮ ಜಿಎಸ್‌ಆರ್ 200ರಲ್ಲಿ ಒಂದು ಪ್ರಿಸಿಷನ್ ಥರದ ಪಿಕಪ್, ಒಂದು ಜಾಝ್ ಥರದ್ದು, ಜೊತೆಗೆ ಬ್ಯಾಟರಿಯ ಬೂಸ್ಟ್ ಇದೆ. ಅದರ ದಪ್ಪ ಸದ್ದು ನಿಮಗೆ ಇಷ್ಟ ಅಂದರೆ ಜಾಝ್ ಬೇಸ್ ಮೊದಲ ವಾರ ತೆಳುವಾಗಿ ಕೇಳಿಸುತ್ತದೆ. ಬೆರಳಿನ ಕೆಲಸ ಒಂದೊಂದೂ ಬಿಡಿಬಿಡಿಯಾಗಿ ಕೇಳಬೇಕು ಅನ್ನುವವರಿಗೆ ಅದೇ ಬೇಕು. ನಾನಂತೂ ಜಾಝ್ ಬೇಸ್ ಕಡೆಯವನು.

ಅದನ್ನು ನೋಡುವಾಗ ಮೇಲೆ ಹೇಳಿದ ನೆಕ್ ಪರೀಕ್ಷೆ ಎಲ್ಲ ಮಾಡಿ. ಜೊತೆಗೆ ಎರಡೂ ಪಿಕಪ್‌ನ ವಾಲ್ಯೂಮ್ ಪೂರ್ತಿ ಏರಿಸಿ, ಆಮೇಲೆ ಒಂದನ್ನು ಇಳಿಸಿ. ಈಗಿನ ಜಾಝ್ ಬೇಸ್‌ಗಳಲ್ಲಿ ಎರಡೂ ಸಮ ಇದ್ದಾಗ ಹಮ್ ಸದ್ದು ನಿಲ್ಲುತ್ತದೆ, ಒಂದನ್ನು ಇಳಿಸಿದಾಗ ಬರುತ್ತದೆ. ಅದು ದೋಷವಲ್ಲ, ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ) ಪಿಕಪ್‌ನ ಗುಣ. ಎರಡೂ ಸಮ ಇದ್ದಾಗಲೂ ಜೋರಾಗಿ ಹಮ್ ಬರುತ್ತಿದ್ದರೆ ವೈರಿಂಗ್ ಬಿಚ್ಚಿ ನೋಡಬೇಕು.

ಕೂಡಲೇ ಕೈ ಕುಲುಕಬೇಡಿ. ಇಬ್ಬರೂ ವಾದ್ಯಗಳನ್ನು ಎರಡು ದಿನ ಬದಲಿಸಿಕೊಂಡು ಮನೆಗೆ ಒಯ್ಯಿರಿ, ನಿಮ್ಮ ನಿಮ್ಮ ಆಂಪ್‌ನಲ್ಲಿ, ನಿಮ್ಮ ತಂಡದ ಜೊತೆ ನುಡಿಸಿ. ಮನೆಯಲ್ಲಿ ಒಬ್ಬರೇ ನುಡಿಸಿದಾಗ ಚೆಂದ ಕೇಳಿದ ಬೇಸ್ ಡ್ರಮ್ಸ್ ಬಂದ ಕೂಡಲೇ ಕಾಣೆಯಾಗುವುದುಂಟು. ಒಯ್ಯುವ ಮೊದಲು ಎರಡರ ಸೀರಿಯಲ್ ನಂಬರ್, ಈಗಾಗಲೇ ಇರುವ ಗೀರು, ಒಡಕುಗಳ ಫೋಟೊ ತೆಗೆದಿಡಿ. ಹಳೆಯ ಬಿಲ್ ಇದ್ದರೆ ನೋಡಲು ಕೇಳಿ. ಕಂತು ಬಾಕಿ ಇರುವ, ಅಥವಾ ಯಾರದು ಅಂತ ಗೊತ್ತಿಲ್ಲದ ವಾದ್ಯ ಬೇಡ. ಮೇಲಿನ ದುಡ್ಡನ್ನು ಎರಡು ದಿನ ಕಳೆದ ಮೇಲೆ ಕೊಡಿ, ಒಂದು ಚೀಟಿಯಲ್ಲಿ ಎರಡೂ ನಂಬರ್ ಬರೆದು ಇಬ್ಬರೂ ಸಹಿ ಹಾಕಿ. ಅಂದಹಾಗೆ, ನಿಮ್ಮ ಇಬಾನೆಜ್‌ನ ಗಟ್ಟಿ ಕವರ್ ಅದರ ಜೊತೆಗೇ ಹೋಗುತ್ತದಾ ಇಲ್ಲವಾ ಅಂತಲೂ ಮೊದಲೇ ಮಾತಾಡಿಕೊಳ್ಳಿ. ಕೊನೆ ಗಳಿಗೆಯಲ್ಲಿ ಜಗಳ ಬರುವುದು ಹೆಚ್ಚಾಗಿ ಅದರ ಮೇಲೆಯೇ.