ನಿಂತ ಹೃದಯ ಮತ್ತೆ ಬಡಿಯುತ್ತದೆಯೇ?

ಪ್ರಶ್ನೆ: ಬಡಿತ ನಿಂತು ಸತ್ತವರ ಹೃದಯವನ್ನೂ ಈಗ ಕಸಿ ಮಾಡುತ್ತಾರಂತೆ. ನಿಂತ ಹೃದಯ ಇನ್ನೊಬ್ಬರ ಎದೆಯಲ್ಲಿ ಬಡಿಯುವುದು ಹೇಗೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಆಪರೇಷನ್ ಥಿಯೇಟರಿನಲ್ಲಿ ಹಾರ್ಟ್-ಲಂಗ್ ಮೆಷೀನ್ (ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾನು ಮಾಡುವ ಯಂತ್ರ) ನಡೆಸುತ್ತಲೇ ಕೂದಲು ಹಣ್ಣಾದವನು ನಾನು. ಬೈಪಾಸಿಗೆಂದು ದಿನವೂ ಹೃದಯ ನಿಲ್ಲಿಸುತ್ತಿದ್ದೆವು, ಮತ್ತೆ ಬಡಿಯುವಂತೆ ಮಾಡುತ್ತಿದ್ದೆವು. ಹಾಗಾಗಿ ನಿಲ್ಲುವುದಕ್ಕೆ ನಾನು ಹೆದರುವವನಲ್ಲ. ಹೆದರಿಕೆಯೇನಿದ್ದರೂ ಹೃದಯ ರಕ್ತವಿಲ್ಲದೆ ಬೆಚ್ಚಗೆ ಉಳಿಯುವ ನಿಮಿಷಗಳದ್ದು; ಹಾಳಾಗುವುದು ಆಗಲೇ.

ಸಾಮಾನ್ಯವಾಗಿ ಮೆದುಳು ಸತ್ತು ಹೃದಯ ಬಡಿಯುತ್ತಿರುವ ದಾನಿಯಿಂದ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಓಡುತ್ತೇವೆ. ಸುಮಾರು 4 ಗಂಟೆ ಗಡುವು. ಪೆಟ್ಟಿಗೆಯೊಳಗಿನ ಹೃದಯ ಮಂಕಾಗಿ, ಒದ್ದೆ ಬಟ್ಟೆಯ ಮುದ್ದೆಯಂತೆ ಕಾಣುತ್ತದೆ. ಅದು ಎದ್ದೇಳುತ್ತದೋ ಇಲ್ಲವೋ ಜೋಡಿಸಿದ ಮೇಲೆಯೇ ಗೊತ್ತು.

ಆ ಬೆಚ್ಚನೆಯ ನಿಮಿಷಗಳನ್ನು ಆಗಲೇ ಕಂಡ ನಿಂತ ಹೃದಯಕ್ಕೆ ಆ ಜೂಜು ಒಗ್ಗದು. 2014ರಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯವರು ಅದನ್ನು ಯಂತ್ರಕ್ಕೆ ಜೋಡಿಸಿ, ದಾನಿಯದೇ ಬೆಚ್ಚನೆಯ ರಕ್ತ ಹರಿಸಿ, ಅಲ್ಲೇ ಬಡಿಯುವಂತೆ ಮಾಡಿ, ಪರೀಕ್ಷಿಸಿ ಕಸಿ ಮಾಡಿದರು. 1967ರಲ್ಲಿ ಕೇಪ್‌ಟೌನಿನಲ್ಲಿ ಸರ್ಜನ್ ಬರ್ನಾರ್ಡ್ ಮನುಷ್ಯರಿಂದ ಮನುಷ್ಯರಿಗೆ ಮೊದಲ ಹೃದಯ ಕಸಿ ಮಾಡಿದಾಗ ದಾನಿ ಪಕ್ಕದ ಥಿಯೇಟರಿನಲ್ಲೇ ಇದ್ದರು. ಈಗ ಈ ಯಂತ್ರದಿಂದಾಗಿ ದೂರವೂ ಅಷ್ಟು ಅಡ್ಡಿಯಲ್ಲ.

2023ರಲ್ಲಿ ಪ್ರಕಟವಾದ ಅಮೆರಿಕದ ಹೋಲಿಕೆ ಅಧ್ಯಯನದಲ್ಲಿ 6 ತಿಂಗಳ ನಂತರ ಬದುಕಿದ್ದವರು: ನಿಂತ ಹೃದಯ ಪಡೆದವರಲ್ಲಿ ಶೇ. 94, ಮಾಮೂಲಿ ಕಸಿಯಲ್ಲಿ ಶೇ. 90. ಇದು ಮೇಲು ಅಂತಲ್ಲ, ಕಮ್ಮಿಯಲ್ಲ ಅಂತ ಅಷ್ಟೇ. ಮೊದಲ ದಿನಗಳಲ್ಲಿ ಹೊಸ ಹೃದಯ ಸೋಲುವುದು ನಿಂತ ಹೃದಯ ಪಡೆದವರಲ್ಲೇ ಹೆಚ್ಚು ಕಂಡಿತ್ತು. ಯಂತ್ರದ ಖರ್ಚಂತೂ ಕೇಳಲೇಬೇಡಿ.