ಸಿಸೇರಿಯನ್ ಆಗಿ 20 ದಿನ: ಎಣ್ಣೆ ನೀರು ಹಾಕಿಸಿಕೊಳ್ಳಲಾ, ಫಿಸಿಯೋಥೆರಪಿಗೆ ಹೋಗಲಾ?

ನಿಮ್ಮ ಪ್ರಶ್ನೆ ಓದಿದೆ. ಸಿಸೇರಿಯನ್ ಆಗಿ 20 ದಿನ ಆಗಿದೆ. ಅಮ್ಮ ಎಣ್ಣೆ ನೀರು ಹಾಕುವವರನ್ನು ಗೊತ್ತು ಮಾಡಿದ್ದಾರೆ. ಗಂಡ ಅದೆಲ್ಲ ಬೇಡ, ಫಿಸಿಯೋಥೆರಪಿಗೆ ಹೋಗು ಅಂತಾರೆ. 40 ದಿನ ಚೆನ್ನಾಗಿ ತಿಕ್ಕಿಸಿಕೊಂಡರೆ ಹೊಟ್ಟೆ ಒಳಗೆ ಹೋಗುತ್ತಾ ಅಂತ ಕೇಳಿದ್ದೀರಿ.

ಹೊಟ್ಟೆ ಎಣ್ಣೆಯಿಂದ ಒಳಗೆ ಹೋಗುವುದಿಲ್ಲ. ಆದರೂ ಎಣ್ಣೆ ಹಚ್ಚಿಸಿಕೊಳ್ಳಿ. ಹೊಟ್ಟೆಯೊಂದನ್ನು ಬಿಟ್ಟು.

ನಾನು ಡಾಕ್ಟರಲ್ಲ, ಎರಡು ಸಲ ಬಾಣಂತಿ ಆದವಳು ಅಷ್ಟೇ. ಮೊದಲನೆಯದು ನಾರ್ಮಲ್, ಬಾಣಂತನ ಸಾಗರದ ಹತ್ತಿರ ತವರಿನಲ್ಲಿ. ಎರಡನೆಯದು ಸಿಸೇರಿಯನ್, ಬಾಣಂತನ ಬೆಂಗಳೂರಿನ ಫ್ಲ್ಯಾಟಿನಲ್ಲಿ.

ತವರಿನಲ್ಲಿ ನನಗೆ ನೀರು ಹಾಕಿದ್ದು ಪಕ್ಕದ ಹಳ್ಳಿಯ ಒಬ್ಬ ಅಜ್ಜಿ. ಬೆಳಿಗ್ಗೆ ಬಂದವರೇ ಹಂಡೆಗೆ ಉರಿ ಹಾಕಿ, ಲಕ್ಕಿ ಸೊಪ್ಪು ಮುರಿದು ನೀರಿಗೆ ಹಾಕುತ್ತಿದ್ದರು. ಬಚ್ಚಲ ಮಣೆ ಮೇಲೆ ನನ್ನನ್ನು ಕೂರಿಸಿ ಬಿಸಿ ಎಣ್ಣೆ ಹಚ್ಚುತ್ತಿದ್ದರು. ಪಾದದಿಂದ ಶುರು, ಆಮೇಲೆ ಮೀನಖಂಡ, ತೊಡೆ, ಸೊಂಟ, ಬೆನ್ನು, ಕೊನೆಗೆ ನೆತ್ತಿ. ಎಣ್ಣೆ ಆರುವವರೆಗೆ ಊರಿನ ಸುದ್ದಿ. ಆಮೇಲೆ ತಂಬಿಗೆಯಲ್ಲಿ ನೀರು ಮೊಗೆದು ಸೊಂಟಕ್ಕೆ ರಪ್ಪನೆ ಬೀಸಿ ಹಾಕುತ್ತಿದ್ದರು. ಮೊದಲ ದಿನ ಕಿರುಚಿದ್ದೆ. ಎಂಟು ದಿನ ಆಗುವಷ್ಟರಲ್ಲಿ ಅಜ್ಜಿ ಯಾವಾಗ ಬರುತ್ತಾರೋ ಅಂತ ಕಾಯುತ್ತಿದ್ದೆ.

ಸ್ನಾನ ಆದಮೇಲೆ ಸಾಂಬ್ರಾಣಿ ಹೊಗೆಗೆ ಕೂದಲು ಆರಿಸಿ, ಕಂಬಳಿ ಹೊದೆಸಿ ಮಲಗಿಸುತ್ತಿದ್ದರು. ಎರಡು ಗಂಟೆ ಮೈಮೇಲೆ ಎಚ್ಚರವಿಲ್ಲದ ನಿದ್ದೆ. ಆ ಹೊತ್ತಿನಲ್ಲಿ ಮಗು ಅಮ್ಮನ ಮಡಿಲಲ್ಲಿ ಇರುತ್ತಿತ್ತು, ಯಾರೂ ನನ್ನನ್ನು ಎಬ್ಬಿಸುವ ಹಾಗಿರಲಿಲ್ಲ. ನನ್ನ ಪ್ರಕಾರ ಅರ್ಧ ಔಷಧಿ ಅದೇ. ಬೆನ್ನು ನೋವು, ಭುಜದ ಬಿಗಿತ ಎಣ್ಣೆಗೆ ಕಡಿಮೆಯಾಯಿತು, ಅದೂ ನಿಜ.

ಕೊನೆಗೆ ಹಳೇ ಪಂಚೆಯಿಂದ ಹೊಟ್ಟೆ ಕಟ್ಟುವುದು. ಇದು ತುಂಬಾ ಹಳೆಯ ಪದ್ಧತಿ. ಹೆರಿಗೆಯಾದವಳ ಹೊಟ್ಟೆಗೆ ದೊಡ್ಡ ಬಟ್ಟೆ ಸುತ್ತಬೇಕು, ಆಗ ವಾಯುವಿಗೆ ಜಾಗ ಸಿಗುವುದಿಲ್ಲ ಅಂತ ಚರಕ ಸಂಹಿತೆಯಲ್ಲೇ ಇದೆ. ಕಟ್ಟಿದರೆ ಎದ್ದು ಕೂರುವಾಗ ಹೊಟ್ಟೆಗೆ ಆಸರೆ ಸಿಗುತ್ತದೆ. ಸಿಸೇರಿಯನ್ ಆದವರಿಗೆ ಕೆಮ್ಮುವಾಗ ಇದು ಬಹಳ ಸಮಾಧಾನ. ಆದರೆ ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಗೆ ಬೀಳುತ್ತದೆ. ಅಲ್ಲಿ ಮೊದಲೇ ಎಲ್ಲ ಸಡಿಲ ಆಗಿರುತ್ತದೆ.

ನನ್ನ ಹೊಟ್ಟೆ ಇಳಿಯಿತು. ಅಜ್ಜಿ ಅದು ತಮ್ಮ ಕೈಗುಣ ಅಂದರು, ನಾನೂ ನಂಬಿದೆ. ಈಗ ಗೊತ್ತು, ಗರ್ಭಕೋಶ ತಾನಾಗಿಯೇ ಇಳಿಯುತ್ತದೆ. ಹೆರಿಗೆಯಾದಾಗ ಅದು ಹೊಕ್ಕುಳದ ಮಟ್ಟದಲ್ಲಿರುತ್ತದೆ, ದಿನಕ್ಕೆ ಸುಮಾರು ಒಂದು ಬೆರಳಿನಷ್ಟು ಕೆಳಗಿಳಿಯುತ್ತದೆ. ಎರಡು ವಾರದ ಹೊತ್ತಿಗೆ ಹೊರಗಿನಿಂದ ಕೈಗೆ ಸಿಗುವುದಿಲ್ಲ. ಆರು ವಾರಕ್ಕೆ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಮಗು ಹಾಲು ಕುಡಿಯುವಾಗ ಕಿಬ್ಬೊಟ್ಟೆ ಹಿಂಡಿದ ಹಾಗೆ ಆಗುತ್ತದಲ್ಲ, ಅದೇ ಈ ಕೆಲಸ. ಎಣ್ಣೆ ತಿಕ್ಕದಿದ್ದರೂ ಇದು ನಡೆಯುತ್ತದೆ.

ಅಜ್ಜಿಯ ಕೈಗೆ ಸಿಗದ ಒಂದು ತೊಂದರೆ ಇತ್ತು. ಸೀನಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಸೋರುತ್ತಿತ್ತು. ಅಮ್ಮನಿಗೆ ಹೇಳಿದೆ. "ಎಲ್ಲರಿಗೂ ಆಗ್ತದೆ, ಸುಮ್ನಿರು" ಅಂದಳು. ಸುಮ್ಮನಿದ್ದೆ. ಒಂದೂವರೆ ವರ್ಷ! ಮದುವೆ ಮನೆಗೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಅಂತ ನೋಡಿಕೊಳ್ಳುತ್ತಿದ್ದೆ. ನಗು ಬಂದರೆ ಕಾಲು ಹೆಣೆದು ನಿಲ್ಲುತ್ತಿದ್ದೆ. ಇದಕ್ಕೆ ವ್ಯಾಯಾಮ ಇದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೀಗಲ್ ಅನ್ನುವ ಹೆಸರು ನೀವು ಕೇಳಿರಬಹುದು. ಆರ್ನಾಲ್ಡ್ ಕೀಗಲ್ ಅಂತ ಅಮೆರಿಕದ ಸ್ತ್ರೀರೋಗ ವೈದ್ಯರು, 1948ರಲ್ಲೇ ಇದರ ಬಗ್ಗೆ ಬರೆದಿದ್ದರು. ನನಗೆ ತಿಳಿದಿದ್ದು ಎರಡನೇ ಹೆರಿಗೆ ಆದಮೇಲೆ.

ಆ ಎರಡನೆಯ ಬಾಣಂತನದಲ್ಲಿ ಅಜ್ಜಿಯೂ ಇಲ್ಲ, ಹಂಡೆಯೂ ಇಲ್ಲ. ಗೀಸರು. ಮನೆಗೇ ಬಂದು ಮಸಾಜ್ ಮಾಡುವ ಪ್ಯಾಕೇಜ್ ತೆಗೆದುಕೊಂಡೆವು. ಬಂದ ಹೆಂಗಸು ಒಳ್ಳೆಯವಳೇ, ಆದರೆ ಸಿಸೇರಿಯನ್ನಾ ನಾರ್ಮಲ್ಲಾ ಅಂತ ಕೇಳಲೇ ಇಲ್ಲ. ನಾನೂ ದಡ್ಡಿ, ಬಾಯಿ ಬಿಡಲಿಲ್ಲ. 12ನೇ ದಿನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಮೇಲಿಂದ ಕೆಳಕ್ಕೆ ಒತ್ತಿದಳು. "ಗಾಳಿ ಹೊರಗೆ ಹೋಗ್ಬೇಕು ಅಕ್ಕಾ" ಅಂದಳು. ರಾತ್ರಿ ನೋಡಿದರೆ ಹೊಲಿಗೆಯ ಒಂದು ತುದಿಯಿಂದ ನೀರು ಜಿನುಗುತ್ತಿದೆ. ಆಸ್ಪತ್ರೆಗೆ ಓಡಿದೆವು. ಪುಣ್ಯಕ್ಕೆ ಮೇಲಿನ ಚರ್ಮ ಮಾತ್ರ ಬಿಟ್ಟಿತ್ತು. ಆದರೂ ಹತ್ತು ದಿನ ಡ್ರೆಸ್ಸಿಂಗ್.

ಡಾಕ್ಟರು ಬೈಯಲಿಲ್ಲ, ಬಿಡಿಸಿ ಹೇಳಿದರು. ನಮಗೆ ಕಾಣುವುದು ಚರ್ಮದ ಗೆರೆ ಒಂದೇ. ಅದರ ಕೆಳಗೆ ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಗರ್ಭಕೋಶ ಎಲ್ಲವನ್ನೂ ಕೊಯ್ದಿರುತ್ತಾರೆ. ಸ್ನಾಯುವನ್ನು ಮಾತ್ರ ಸಾಮಾನ್ಯವಾಗಿ ಕತ್ತರಿಸುವುದಿಲ್ಲ, ಎರಡು ಕಡೆಗೆ ಸರಿಸುತ್ತಾರೆ. ಮೇಲಿನ ಗೆರೆ ಒಣಗಿದ ಮಾತ್ರಕ್ಕೆ ಒಳಗಿನದ್ದೂ ಕೂಡಿಕೊಂಡಿದೆ ಅಂತಲ್ಲ. ನಿಮಗೆ ಈಗ 20 ದಿನ. ಆರು ವಾರದ ತಪಾಸಣೆ ಮುಗಿಯುವವರೆಗೆ ಹೊಟ್ಟೆಯನ್ನು ಯಾರೂ ಒತ್ತುವುದು ಬೇಡ. ಗಾಯದ ಮೇಲೆ ಎಣ್ಣೆಯೂ ಬೇಡ.

ಏಳನೇ ವಾರ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಯಂತ್ರಗಿಂತ್ರ ಏನೂ ಇರಲಿಲ್ಲ. ಅಂಗಾತ ಮಲಗಿ ಮಂಡಿ ಮಡಚಿ, ತಲೆ ಸ್ವಲ್ಪ ಎತ್ತಿ ಅಂದರು. ಹೊಕ್ಕುಳದ ಹತ್ತಿರ ಬೆರಳಿಟ್ಟು ನೋಡಿದರು. ಮೂರು ಬೆರಳು ಒಳಗೆ ಹೋಯಿತು. ಬಸಿರಲ್ಲಿ ಹೊಟ್ಟೆ ಹಿಗ್ಗುವಾಗ ನಡುವಿನ ಪಟ್ಟಿ ಅಗಲವಾಗಿ, ಎರಡು ಪಕ್ಕದ ಸ್ನಾಯುಗಳು ದೂರ ಸರಿಯುತ್ತವೆ. ತುಂಬಾ ಜನರಿಗೆ ಮೊದಲ ಎರಡು ತಿಂಗಳಲ್ಲಿ ಅದು ತಾನೇ ಸಾಕಷ್ಟು ಕೂಡುತ್ತದೆ. ನೀವು ಕೇಳುವ "ಹೊಟ್ಟೆ" ಬಹುಪಾಲು ಇದೇ ಇರಬಹುದು, ಕೊಬ್ಬಲ್ಲ. ಇದನ್ನು ಹೊರಗಿನಿಂದ ತಿಕ್ಕಿ ಕೂಡಿಸಲು ಆಗುವುದಿಲ್ಲ. ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆಯುವುದು, ಹಾಸಿಗೆಯಿಂದ ನೆಟ್ಟಗೆ ಏಳದೆ ಮಗ್ಗುಲಾಗಿ ಕೈ ಊರಿ ಏಳುವುದು, ಇಂಥವೇ ಸಣ್ಣಪುಟ್ಟ ಕೆಲಸ. ಬೇಜಾರು ಬರುತ್ತದೆ, ಸುಳ್ಳು ಹೇಳುವುದಿಲ್ಲ.

ಮೂತ್ರದ ತೊಂದರೆಗೆ ಹೇಳಿಕೊಟ್ಟಿದ್ದು ಹೀಗೆ. ಗಾಳಿ ಹೋಗದ ಹಾಗೆ, ಮೂತ್ರ ತಡೆಯುವ ಹಾಗೆ ಒಳಗೆ ಬಿಗಿದು, ಮೇಲಕ್ಕೆ ಎಳೆದು ಹಿಡಿಯಬೇಕು. ಪೃಷ್ಠ ಬಿಗಿಯಬಾರದು, ಉಸಿರು ಹಿಡಿಯಬಾರದು. ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಒಂದು ಸಲಕ್ಕೆ ಕಡಿಮೆ ಅಂದರೂ ಎಂಟು ಬಾರಿ, ದಿನಕ್ಕೆ ಮೂರು ಸಲ, ಮೂರು ತಿಂಗಳು. ಮಗು ಹಾಲು ಕುಡಿಯುವಾಗ ಮಾಡುತ್ತಿದ್ದೆ, ಮರೆಯುತ್ತಿರಲಿಲ್ಲ. ಮೂರು ತಿಂಗಳು ಆಗುವ ಮೊದಲೇ ನಾನು ಧೈರ್ಯವಾಗಿ ಸೀನಿದೆ. ಇದನ್ನು ಶುರು ಮಾಡಲು ನೀವು ಆರು ವಾರ ಕಾಯಬೇಕಾಗಿಲ್ಲ. ಆಪರೇಷನ್ ಹೊತ್ತಿಗೆ ಹಾಕಿದ ಮೂತ್ರದ ಕೊಳವೆ ತೆಗೆದು, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ಇವತ್ತಿನಿಂದಲೇ ಮೆಲ್ಲಗೆ ಮಾಡಬಹುದು.

ಗಾಯಕ್ಕೆ ಕೈ ಹಾಕಿದ್ದೂ ಅವರೇ, ಪೂರ್ತಿ ವಾಸಿಯಾದ ಮೇಲೆ. ಮೊದಲು ಸುತ್ತಲಿನ ಚರ್ಮ, ಆಮೇಲೆ ಗೆರೆಯ ಮೇಲೆ ಎರಡು ಬೆರಳಿಟ್ಟು ಆಚೆ ಈಚೆ, ಮೇಲೆ ಕೆಳಗೆ ಮೆಲ್ಲಗೆ ಸರಿಸುವುದು. ದಿನಕ್ಕೆ ಐದು ನಿಮಿಷ ನಾನೇ ಮಾಡಿಕೊಂಡೆ. ಮೊದಲು ಮುಟ್ಟಲು ಹೆದರಿಕೆ, ಜೋಮು ಹಿಡಿದ ಹಾಗೆ ಬೇರೆ. ಎರಡು ತಿಂಗಳಲ್ಲಿ ಎಳೆತ ಕಡಿಮೆಯಾಯಿತು. ಜೋಮು ಪೂರ್ತಿ ಹೋಗಲು ಇನ್ನೂ ಜಾಸ್ತಿ ದಿನ ಹಿಡಿಯಿತು.

ಈಗ ನಿಮ್ಮ ಅಮ್ಮ ಗೊತ್ತು ಮಾಡಿದವರ ವಿಷಯ. ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಕೈ, ಕಾಲು, ಭುಜ, ತಲೆ, ಬೆನ್ನಿಗೆ ಹಚ್ಚಿಸಿಕೊಳ್ಳಿ. ಬೋರಲು ಮಲಗಬೇಡಿ, ಕೂತು ಅಥವಾ ಮಗ್ಗುಲಾಗಿ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ಆ ಕಾಲನ್ನು ಯಾರಿಗೂ ತಿಕ್ಕಲು ಕೊಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಹೆರಿಗೆಯಾದ ಮೊದಲ ಆರು ವಾರ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಸಿಸೇರಿಯನ್ ಆದವರಿಗೆ ಇನ್ನೂ ಜಾಸ್ತಿ. ಜ್ವರ ಬಂದರೂ, ಒಂದು ಗಂಟೆಗೇ ಪ್ಯಾಡ್ ಪೂರ್ತಿ ಒದ್ದೆಯಾಗುವಷ್ಟು ರಕ್ತ ಹೋದರೂ ಎಣ್ಣೆ ನೀರಿನ ಮಾತು ಬಿಟ್ಟು ಹೊರಡಿ.

ಎದೆ ಕಲ್ಲಿನ ಹಾಗಾದರೆ ಹಿಂಡಿ ಸರಿ ಮಾಡುತ್ತೇನೆ ಅನ್ನುವವರು ಇದ್ದಾರೆ. ಬೇಡ. ಜೋರಾಗಿ ತಿಕ್ಕಿದರೆ ಊತ ಹೆಚ್ಚುತ್ತದೆ ಅಂತ ಈಗ ವೈದ್ಯರೇ ಹೇಳುತ್ತಾರೆ. ತಣ್ಣನೆ ಬಟ್ಟೆ ಇಟ್ಟು, ಬೆರಳು ತಾಗಿಯೂ ತಾಗದ ಹಾಗೆ ಸವರಿದರೆ ಸಾಕು. ಮಗುವಿನ ಕಿವಿ ಮೂಗಿಗೆ ಎಣ್ಣೆ ಬಿಡುವುದಕ್ಕೂ ಒಪ್ಪಬೇಡಿ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಡುವುದಂತೂ ಬೇಡವೇ ಬೇಡ, ಕಾಣದ ವಿಷಗಾಳಿ ತಾಯಿ ಮಗು ಇಬ್ಬರನ್ನೂ ತೆಗೆದೀತು.

ಅಮ್ಮ, ಗಂಡ ಇಬ್ಬರಲ್ಲಿ ಯಾರು ಸರಿ ಅಂತ ಜಗಳ ಬೇಡ. ಅಮ್ಮನ ಎಣ್ಣೆ ಈ ವಾರ, ಗಂಡನ ಫಿಸಿಯೋ ಆರು ವಾರದ ತಪಾಸಣೆ ಆದಮೇಲೆ. ನೀರು ಹಾಕುವವರು ಬಂದ ತಕ್ಷಣ ಸೆರಗು ಸರಿಸಿ ಹೊಲಿಗೆ ತೋರಿಸಿ, "ಇಲ್ಲಿ ಮುಟ್ಟೋ ಹಾಗಿಲ್ಲ ಅಮ್ಮಾ" ಅಂತ ಮೊದಲೇ ಹೇಳಿಬಿಡಿ. ಸ್ನಾನ ಆಗಿ ಮಲಗುವ ಆ ಎರಡು ಗಂಟೆ ಮಗುವನ್ನು ನಿಮ್ಮ ಗಂಡನ ಕೈಗೆ ಕೊಡಿ.